ನಬೀಸಾಬನ ನೂರಾ ಎಂಬತ್ತಾರು ವಿಳಾಸಗಳು

ಹೆಸರು ಕೇಳಿದವರಿಗೆ ನಬೀಸಾಬ್ ತನ್ನ ಇ-ಮೇಲ್ ವಿಳಾಸ ಹೇಳುತ್ತಿದ್ದ. ಅಪ್ಪನ ಹೆಸರು, ಊರು, ಮನೆತನ ಯಾವುದೂ ಇಲ್ಲ. ಕಟಕಟೆಯಲ್ಲಿ ನಿಂತ ಸಾಕ್ಷಿಯ ಗಾಂಭೀರ್ಯದಲ್ಲಿ ಎದೆ ಸೆಟೆಸಿ, "ನಬೀಸಾಬ್ ಅಟ್ ಕೋಟೆನೆಟ್ ಡಾಟ್ ಇನ್, ಬರಕೊಳ್ರಿ" ಎನ್ನುತ್ತಿದ್ದ. ಕೇಳಿದವನು ಹಮಾಲನಾದರೂ ಸರಿ, ತಹಶೀಲ್ದಾರನಾದರೂ ಸರಿ, ಬರೆದುಕೊಳ್ಳುವತನಕ ಬಿಡುತ್ತಿರಲಿಲ್ಲ. "ಬರಕೊಳ್ರಿ" ಎಂಬುದು ಅವನ ಮಾತಿನ ಪೂರ್ಣವಿರಾಮ. "ಚಾ ತಣ್ಣಗಾಗೈತಿ, ಬರಕೊಳ್ರಿ" ಎಂದು ಹೋಟೆಲಿನವನಿಗೂ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಬಳ್ಳಾರಿಯ ಪಾರ್ವತಿನಗರದ ಮನೆಯ ಮುಂಗೋಣೆಯಲ್ಲಿ ಅವನು ಅರ್ಜಿ ಬರೆಯುತ್ತಿದ್ದ. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿ ಆಮೇಲೆ ಕಂಪ್ಯೂಟರಿಗೆ ಬಂದವನು. ಅದನ್ನೂ ಟೈಪ್‌ರೈಟರಿನ ಸಿಟ್ಟಿನಲ್ಲೇ ಕುಟ್ಟುತ್ತಿದ್ದ. ಎದುರುಗಾಳಿಗೆ ಸೈಕಲ್ ತುಳಿಯುವವನಂತೆ ಮುಂದಕ್ಕೆ ಬಾಗಿದ ನಡಿಗೆ. ಮೈಮೇಲೆ ಯಾವನೋ ವಕೀಲ ಬಿಟ್ಟುಕೊಟ್ಟ ಕರಿಕೋಟು. ಅದಿರಿನ ಲಾರಿಗಳ ಧೂಳು ಕುಡಿದು ಕುಡಿದು ಅದು ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ಕುಲ್ಸುಂಬೀ ಒಗೆಯಲು ಕೇಳಿದರೆ, "ಸಾಕ್ಷಿ ತೊಳೀಬಾರದು" ಎನ್ನುತ್ತಿದ್ದ. "ಸಾಕ್ಷಿ ವಾಸ್ನಿ ಹೊಡೀತೈತಿ, ಅದನ್ನೂ ಬರಕೊಳ್ರಿ" ಎಂದು ಆಕೆ ಮುಖ ತಿರುಗಿಸುತ್ತಿದ್ದಳು.

ಆ ವಿಳಾಸ ಬರಿಯ ಷೋಕಿಯಾಗಿರಲಿಲ್ಲ. ಅದಿರಿನ ಮಣ್ಣು ಚಿನ್ನವಾದ ಕಾಲ ಅದು. ಕುರುಗೋಡಿನ ಬಳಿ ಅದಿರು ಸುಟ್ಟು ಕಬ್ಬಿಣ ಮಾಡುವ ಒಂದು ಸ್ಪಾಂಜ್ ಐರನ್ ಕಾರ್ಖಾನೆ, ಕಣದಲ್ಲಿ ಒಣಹಾಕಿದ ಕೆಂಪು ಮೆಣಸಿನಕಾಯಿಯ ಮೇಲೆ ಹಗಲೆಲ್ಲ ಕರಿ ಬೂದಿ ಉದುರಿಸುತ್ತಿತ್ತು. ಅಷ್ಟು ಸಾಲದೆಂದು ಇಮ್ಮಡಿ ದೊಡ್ಡದಾಗಲು ಹೊರಟಾಗ, ಸುತ್ತಲಿನ ಹೊಲದವರೂ, ಸಿರುಗುಪ್ಪ, ಸಿರಿಗೇರಿಗಳಿಂದ ಕಣದ ಕೂಲಿಗೆ ಬರುವವರೂ ಸೇರಿ ನೂರಾ ಎಂಬತ್ತಾರು ಮಂದಿ ತಕರಾರು ಅರ್ಜಿ ಕೊಟ್ಟರು. ಎಲ್ಲವನ್ನೂ ಬರೆದವನು ನಬೀಸಾಬ್. ಸಾರ್ವಜನಿಕ ವಿಚಾರಣೆಯ ದಿನವನ್ನು ಕಚೇರಿ ಅರ್ಜಿದಾರರಿಗೆ ತಿಳಿಸಬೇಕಿತ್ತು. ಆ ದಿನ ಬಾರದವನ ತಕರಾರು ಬಿದ್ದುಹೋದಂತೆ. ಹಳ್ಳಿಗೆ ಬಂದ ಕಾಗದ ದೊಡ್ಡವರ ಕಟ್ಟೆಯ ಮೇಲೆ ಹಳಸಿ, ದಿನ ದಾಟಿದ ಮೇಲೆ ಮನೆ ಮುಟ್ಟುವುದನ್ನು ಕಂಡಿದ್ದ ಅವನು, ಎಲ್ಲ ಅರ್ಜಿಗಳಿಗೂ ಉತ್ತರದ ವಿಳಾಸವೆಂದು ತನ್ನ ಇ-ಮೇಲನ್ನೇ ಹಾಕಿದ. ಅಂಚೆಯನ್ನು ಅಡ್ಡಗಟ್ಟಬಹುದು, ತಂತಿಯನ್ನು ಯಾವನು ಅಡ್ಡಗಟ್ಟುತ್ತಾನೆ ಎಂಬ ಜಂಬ.

ತಂತಿಯನ್ನೇ ಕೊಂಡರು.

ಕೋಟೆನೆಟ್ ಎಂಬುದು ಬಳ್ಳಾರಿಯ ಕೇಬಲ್ ಟಿ.ವಿ.ಯವರು ಕಟ್ಟಿದ್ದ ಸಣ್ಣ ಇಂಟರ್‌ನೆಟ್ ಕಂಪನಿ. ಅದನ್ನು ಕೊಂಡವನು ಅದೇ ಕಾರ್ಖಾನೆಯ ಧಣಿಯ ಭಾವಮೈದುನ. ಯಾರ ಮೇಲೆ ತಕರಾರೋ ಅವರ ಮನೆಯವನ ಕೈಗೇ ತಕರಾರುದಾರರ ಟಪಾಲು ಪೆಟ್ಟಿಗೆಯ ಕೀಲಿ! ನಮ್ಮ ಗಾಳಿ ತಿಂದರು, ರಸ್ತೆ ತಿಂದರು, ಕೊನೆಗೆ ವಿಳಾಸಕ್ಕೂ ಬಾಯಿ ಹಾಕಿದರು. ನಬೀಸಾಬ್ ಕಂಪನಿ ಬಿಡಲು ಹೋದ. ವಿಳಾಸ ಮಾತ್ರ ತನ್ನ ಜೊತೆ ಬರಬೇಕೆಂದ.

ಕೌಂಟರಿನ ಹುಡುಗಿ ಚೈತ್ರಾ, "ಅಂಕಲ್, ಮುಂದಿನ ಹೆಸರು ನಿಮ್ದು, ಹಿಂದಿನ ಬಾಲ ಕಂಪನೀದು. ಕನೆಕ್ಷನ್ ಬಿಟ್ರ ಮೂವತ್ತು ದಿನಕ್ಕ ಪೆಟ್ಟಿಗಿ ಬಂದ್" ಎಂದಳು.

"ಬಂದ ಟಪಾಲು ಹೊಸ ವಿಳಾಸಕ್ಕರ ದಾಟಿಸ್ರಿ."

"ಆ ಪದ್ಧತಿ ಇಲ್ರಿ. ಇದ ವಿಳಾಸ ಬೇಕಂದ್ರ ನಮ್ಮಲ್ಲೇ ಇರ್ರಿ."

"ಅಂದ್ರ ಬಾಲ ಹಿಡಕಂಡು ಎಮ್ಮಿ ಕಟ್ಟಿಹಾಕ್ತೀರಿ. ನಬೀಸಾಬ್ ಎಮ್ಮಿ ಅಲ್ಲ, ಬರಕೊಳ್ರಿ."

ಆ ಹುಡುಗಿ ನಿಜಕ್ಕೂ ದೂರಿನ ಪುಸ್ತಕದಲ್ಲಿ ಬರೆದುಕೊಂಡಳು.

ಬೇರೆ ಕಂಪನಿಯ ಸಂಪರ್ಕ ಹಾಕಿಸಿ, ಯಾವ ತಂತಿಯ ಹಂಗೂ ಇಲ್ಲದ ಪುಕ್ಕಟೆ ವಿಳಾಸವೊಂದನ್ನು ಮಾಡಿಕೊಂಡ. ಇದನ್ನು ಮೊದಲೇ ಮಾಡೋ ಎಂದು ನಾನು ಎರಡು ವರ್ಷ ಬೊಗಳಿದ್ದೆ. "ಪುಕ್ಕಟೆ ಸಿಕ್ಕಿದ್ದಕ್ಕ ಸಾಹೇಬ್ರು ಕಿಮ್ಮತ್ತು ಕೊಡಂಗಿಲ್ಲ" ಎಂದಿದ್ದ. ಈಗ ಹಳೆಯ ಪೆಟ್ಟಿಗೆ ಮುಚ್ಚುವ ಮುಂಚೆ ಗೊತ್ತಿದ್ದವರಿಗೆಲ್ಲ ಹೊಸ ವಿಳಾಸ ಬರೆದು ತಿಳಿಸಿದ. ವಿಚಾರಣೆಯ ಕಚೇರಿ ಮಾತ್ರ ಒಪ್ಪಲಿಲ್ಲ: ಅರ್ಜಿದಾರರು ಒಬ್ಬೊಬ್ಬರೂ ಸಹಿ ಮಾಡಿ ಕೇಳಿದರಷ್ಟೇ ಬದಲು. ಗುಡ್ಡಕ್ಕೆ ಗುಡ್ಡವೇ ಲಾರಿ ಹತ್ತಿ ಹೋದಾಗ ಯಾವ ಸಹಿಯನ್ನೂ ಕೇಳದ ಸರ್ಕಾರಕ್ಕೆ, ಒಂದು ಇ-ಮೇಲಿಗೆ ನೂರಾ ಎಂಬತ್ತಾರು ಸಹಿ ಬೇಕು!

ನಬೀಸಾಬ್ ಸಹಿ ಹಾಕಿಸಲು ಹೊರಟ. ಕುರುಗೋಡು ಮುಗಿಸಿದ, ಸಿರುಗುಪ್ಪ ಮುಗಿಸಿದ. ಹನ್ನೆರಡನೆಯ ದಿನ ನಾವಿಬ್ಬರೂ ಸಿರಿಗೇರಿಯಲ್ಲಿದ್ದೆವು. ಕಣದ ಕೂಲಿಯ ವಿರೂಪಮ್ಮ ಮನೆಯ ಮುಂದೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

"ಏನಲೇ ನಬೀಸಾಬ, ಮತ್ತ ಹೆಬ್ಬಟ್ಟೇನು? ನನ್ನ ಬೆರಳು ಸವದು ಹೋತು."

"ವಿಳಾಸ ಬದಲಾಗೈತೆವ್ವಾ."

"ನಲವತ್ತು ವರ್ಷದಿಂದ ಇದ ಬಾಗಿಲಾಗ ಅದೀನಿ. ಬದಲಾಗಿದ್ದು ಯಾರ ವಿಳಾಸ?"

ಅವನು ಬಾಲದ ಕಥೆಯನ್ನೆಲ್ಲ ಹೇಳಿದ. ಆಕೆ ಪೂರ್ತಿ ಕೇಳಿ, ಕೈಯಲ್ಲಿದ್ದ ತೊಟ್ಟು ಎಸೆದಳು. "ಕೆಮ್ಮು ನಂದು, ಕೂಲಿ ನಂದು, ಹೆಬ್ಬಟ್ಟು ನಂದು. ಕಾಗದ ಮಾತ್ರ ನಿನ್ನ ಮನಿಗಿ ಬರಬೇಕೇನಲೇ? ಅವರು ತಂತಿ ಹಿಡದು ಕುಂತ್ರು, ನೀನು ನಮ್ಮ ಕಾಗದ ಹಿಡದು ಕುಂತಿ."

ನಬೀಸಾಬ್ ಆಗ "ಬರಕೊಳ್ರಿ" ಎನ್ನಲಿಲ್ಲ. ಕೋಟಿನಿಂದ ಪೆನ್ನು ತೆಗೆದು ತಾನೇ ಬರೆದುಕೊಂಡ: ವಿರೂಪಮ್ಮ, ಮನೆ ನಂಬರು, ಸಿರಿಗೇರಿ. ಅದರ ಕೆಳಗೆ ಸಣ್ಣಗೆ ತನ್ನ ಹೊಸ ಇ-ಮೇಲ್. ಮರುದಿನ, ಮುಗಿಸಿಬಂದ ಕುರುಗೋಡಿಗೆ ತಿರುಗಿ ಹೋದ, ಸಿರುಗುಪ್ಪಕ್ಕೂ ಹೋದ. ಹದಿನೇಳು ದಿನ, ಅದೇ ಮನೆಗಳು, ಅದೇ ಬೈಗುಳ. ಒಂದೊಂದು ಚೀಟಿಯ ಮೇಲೂ ಮೊದಲು ಅರ್ಜಿದಾರರ ಬಾಗಿಲು, ಆಮೇಲೆ ತಾನು. ಕೊನೆಯ ಚೀಟಿ ಕಚೇರಿ ಮುಟ್ಟಿದ ಮರುದಿನ ಕೋಟೆನೆಟ್ ಪೆಟ್ಟಿಗೆ ಮುಚ್ಚಿತು.

ಕಚೇರಿ ಮಾಡಿದ್ದೇನು? ವಿಚಾರಣೆಯ ದಿನವನ್ನು ಆ ಮುಚ್ಚಿದ ಪೆಟ್ಟಿಗೆಗೇ ಕಳಿಸಿ, ಕಡತದಲ್ಲಿ "ತಿಳಿಸಲಾಗಿದೆ" ಎಂದು ಬರೆದು ಕೈ ತೊಳೆದುಕೊಂಡಿತು. ಆದರೆ ಚೀಟಿಗಳಲ್ಲಿ ಮನೆ ನಂಬರು ಕಂಡ ಯಾವನೋ ಪುಣ್ಯಾತ್ಮ ಗುಮಾಸ್ತ ಅಂಚೆಗೂ ಹಾಕಿಬಿಟ್ಟಿದ್ದ. ವಿಚಾರಣೆಗೆ ನಾಲ್ಕು ದಿನ ಇರುವಾಗ ವಿರೂಪಮ್ಮ ಬಸ್ಸಿಳಿದು ಪಾರ್ವತಿನಗರಕ್ಕೆ ಬಂದಳು. ಸೆರಗಿನಿಂದ ಒಡೆಯದ ಲಕೋಟೆ ತೆಗೆದಳು.

"ಕಟ್ಟಿ ಮ್ಯಾಗ ಇಟಗಂಡಿದ್ರು. ನನ್ನ ಹೆಸರಿನ ಕಾಗದ ಕೊಡ್ರೋ ಅಂತ ಕಸಗಂಡು ಬಂದೆ. ಓದಲೇ."

ನಬೀಸಾಬ್ ಊರೂರಿಗೆ ಸುದ್ದಿ ಮುಟ್ಟಿಸಿದ; ಉಳಿದವರೂ ಅವರವರ ಕಟ್ಟೆಗೆ ಹೋಗಿ ಕಸಿದುಕೊಂಡರು. ವಿಚಾರಣೆಯ ದಿನ ನೂರಾ ಎಪ್ಪತ್ತೊಂದು ಮಂದಿ ಕುರುಗೋಡಿನಲ್ಲಿ ನಿಂತಿದ್ದರು. ವಿರೂಪಮ್ಮ ಬೂದಿ ಮೆತ್ತಿದ ಮೆಣಸಿನಕಾಯಿಯನ್ನು ಅಧಿಕಾರಿಯ ಮೇಜಿನ ಮೇಲೆ ಸುರಿದು, "ಮೂಸ್ರಿ" ಎಂದಳು. ಕಾರ್ಖಾನೆ ಮುಚ್ಚಿತೆಂದು ಸುಳ್ಳು ಹೇಳಲಾರೆ. ಇಮ್ಮಡಿಯಾಗುವುದು ಆ ವರ್ಷ ತಪ್ಪಿತು, ಅಷ್ಟೆ. ಅಷ್ಟಕ್ಕೇ ಧಣಿಗಳಿಗೆ ಉರಿದುಹೋಯಿತು.

ಅಂದಿನಿಂದ ಯಾರಾದರೂ ಹೆಸರು ಕೇಳಿದರೆ ನಬೀಸಾಬ್ ಬರಿಯ ಹೆಸರು ಹೇಳುತ್ತಾನೆ, ಹೇಳಿ, "ನಿಮ್ಮ ಬಾಗಿಲು ಯಾವುದ್ರಿ?" ಎಂದು ತಿರುಗಿ ಕೇಳುತ್ತಾನೆ. ಕೋಟು ಇನ್ನೂ ಒಗೆದಿಲ್ಲ.

ನನ್ನ ಮೂವತ್ತೈದು ವರ್ಷದ ಚಳವಳಿಯಲ್ಲಿ ತಪ್ಪು ಮಾಡದ ಒಬ್ಬನನ್ನೂ ನಾನು ಕಂಡಿಲ್ಲ. ಜನರ ಪರವಾಗಿ ಮಾತಾಡುತ್ತ ಮಾತಾಡುತ್ತ ಜನರ ಬಾಯಿಯನ್ನೇ ತನ್ನ ಜೇಬಿಗೆ ಹಾಕಿಕೊಳ್ಳುವ ಚಟ ನಮಗೆಲ್ಲ ಇದೆ. ಧಣಿಗಳನ್ನು ಬೈಯುವ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬಿದ್ದಾಗ ಹೆಚ್ಚಿನವರು ಭಾಷಣದ ದನಿ ಏರಿಸುತ್ತಾರೆ. ನಬೀಸಾಬನ ಜಾತಿಯವರು ಬಸ್ಸು ಹತ್ತುತ್ತಾರೆ, ತಪ್ಪು ಮಾಡಿಬಂದ ಮನೆಗಳಿಗೆಲ್ಲ ಮತ್ತೆ ಹೋಗಿ ಬಾಗಿಲು ಬಡಿಯುತ್ತಾರೆ. ಆ ಜಾತಿಯವರನ್ನು ಎಣಿಸಲು ನನಗೆ ಒಂದು ಕೈಯ ಬೆರಳು ಸಾಕಾಗಿದೆ.