ಎರಡನೇ ಸಲದ ಆಯಿಲ್

ಹಸಿರು ಕಾರು ವರ್ಷಕ್ಕೆ ಎರಡು ಸಲ ಗ್ಯಾರೇಜಿಗೆ ಬರುತ್ತಿತ್ತು. ಬೇಸಿಗೆ ರಜೆ ಶುರುವಾಗುವಾಗ ಒಮ್ಮೆ, ರಜೆ ಮುಗಿದು ಚಳಿ ಕಾಲಿಡುವ ಮುಂಚೆ ಇನ್ನೊಮ್ಮೆ. ಎರಡು ಸಲವೂ ಅದರ ಆಯಿಲ್ ಬದಲಾಗುತ್ತಿತ್ತು. ಎರಡು ಸಲವೂ ಮೆಕ್ಯಾನಿಕ್‌ನ ಹೆಂಡತಿಯ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗುತ್ತಿತ್ತು.

ಗ್ಯಾರೇಜು ಇದ್ದದ್ದು ಪೇಟೆಯ ಕೊನೆಯಲ್ಲಿ, ರಸ್ತೆ ಬೆಟ್ಟ ಹತ್ತಲು ಶುರುಮಾಡುವ ಕಡೆ. ಒಳಗೆ ಕಾರಿನಡಿ ನಿಂತು ಕೆಲಸ ಮಾಡಲು ಒಂದು ಗುಂಡಿ, ಗೋಡೆ ತುಂಬ ಸ್ಪ್ಯಾನರುಗಳು. ಮುಂಭಾಗದಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ. ಅಲ್ಲಿ ಕೂತು ಅವಳು ಬೆಲ್ಟು, ಬಲ್ಬು, ಫಿಲ್ಟರು ಮಾರುತ್ತಿದ್ದಳು. ಗಾಜಿನಾಚೆ ಗಂಡ ಏನು ಮಾಡಿದರೂ ಕಾಣುತ್ತಿತ್ತು. ಏನು ಮಾತಾಡಿದರೂ ಕೇಳುತ್ತಿರಲಿಲ್ಲ. ಅದೇ ಅವಳ ಕಷ್ಟ.

ಕಾರಿನೊಡತಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಒಂಟಿ ಹೆಂಗಸು. ಬೆಟ್ಟದಾಚೆ ಸರೋವರದ ದಡದಲ್ಲಿ ಆಕೆಗೊಂದು ಸಣ್ಣ ಮನೆಯಿತ್ತು. ರಜೆಯಲ್ಲಿ ಅಲ್ಲಿಗೆ ಹೋಗಿಬರಲು ಮಾತ್ರ ಕಾರು ಹೊರಗೆ ಬರುತ್ತಿತ್ತು. ಮಿಕ್ಕ ಕಾಲವೆಲ್ಲ ಶೆಡ್ಡಿನೊಳಗೆ ಮುಸುಕು ಹೊದ್ದು ನಿಂತಿರುತ್ತಿತ್ತು. ಟೀಚರ್ ಸುಂದರಿಯಾಗಿದ್ದರೆ ಒಂದು ಮಾತಾಗಿತ್ತು. ಅರ್ಧ ನರೆತ ಕೂದಲು, ನಕ್ಕರೆ ಕಾಣುವ ಮುರುಕು ಹಲ್ಲು, ಸದಾ ಚಾಕ್‌ಪುಡಿ ಮೆತ್ತಿದ ಕೈಚೀಲ. ಇಂಥವಳಿಗೋಸ್ಕರ ತನ್ನ ಗಂಡ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಾನಲ್ಲ ಎಂದು ಹೆಂಡತಿಯ ಉರಿ ಇನ್ನೂ ಹೆಚ್ಚುತ್ತಿತ್ತು.

ಹೌದು, ಆ ದಿನ ಅವನು ಕೈ ತೊಳೆಯುತ್ತಿದ್ದ. ರೇಡಿಯೋ ಆರಿಸುತ್ತಿದ್ದ. ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಅದರ ತುದಿಯ ಬಣ್ಣವನ್ನು ಬೆಳಕಿಗೆ ಹಿಡಿದು ಟೀಚರ್‌ಗೆ ತೋರಿಸುತ್ತಿದ್ದ. ಆಕೆ ಬೆರಳಲ್ಲಿ ಆಯಿಲ್ ಉಜ್ಜಿ ನೋಡುತ್ತಿದ್ದಳು, ಏನೋ ಕೇಳುತ್ತಿದ್ದಳು. ಅವನು ಎರಡೂ ಕೈ ಆಡಿಸುತ್ತ ಹೇಳುತ್ತಿದ್ದ. ಹೇಳುತ್ತಲೇ ಇದ್ದ. ಮನೆಯಲ್ಲಿ ‘ಹೂಂ’, ‘ಉಹೂಂ’, ‘ಉಪ್ಪು ಕೊಡು’ ಇಷ್ಟರಲ್ಲೇ ದಿನ ಮುಗಿಸುವ ಮನುಷ್ಯ! ಗಂಡ ಯಾರದೋ ಕೈ ಹಿಡಿಯುತ್ತಾನೆಂಬ ಅನುಮಾನ ಅವಳಿಗೆ ಕನಸಲ್ಲೂ ಬಂದಿರಲಿಲ್ಲ. ಅವಳನ್ನು ಸುಟ್ಟದ್ದು ಆ ಮಾತು.

ಒಂದು ಸಲ, ರಜೆ ಶುರುವಾಗುವ ಮುಂಚೆ, ಬಾಡಿಗೆ ಕಾರಿನವನೊಬ್ಬ ಬಂದು, ಅವಳ ಕೋಣೆಯ ಬಾಗಿಲು ತೆರೆದು ನಿಂತೇ, ಆಯಿಲ್ ಯಾವಾಗ ಬದಲಾಯಿಸಬೇಕೆಂದು ಕೇಳಿದ. ಅವಳ ಗಂಡ ಗುಂಡಿಯೊಳಗಿಂದಲೇ ಕೂಗಿ, “ಎಷ್ಟು ಓಡಿದೆ ನೋಡ್ಕೊಳ್ಳಿ, ಅದರ ಮೇಲೆ ಹೋಗುತ್ತೆ” ಎಂದ. ಅವಳ ಕೈ ಬಲ್ಬಿನ ಡಬ್ಬಿಯ ಮೇಲೆ ಹಾಗೇ ನಿಂತಿತು. ಓಡಿದ್ದರ ಮೇಲೆ ಹೋಗುವುದಾದರೆ, ಸರೋವರಕ್ಕೆ ಹೋಗಿಬರುವುದು ಬಿಟ್ಟು ಬೇರೇನೂ ಮಾಡದ ಆ ಹಸಿರು ಕಾರಿಗೆ ವರ್ಷಕ್ಕೆ ಎರಡು ಸಲ ಯಾಕೆ?

ಗಂಡನನ್ನು ಕೇಳಲಿಲ್ಲ. ಬಸ್ ಡಿಪೋದಲ್ಲಿ ಎಂಜಿನ್ ಕೆಲಸ ಮಾಡುತ್ತಿದ್ದ ತನ್ನ ತಮ್ಮನ ಮನೆಗೆ ಹೋದಳು. ಅವನು ಅಂಗಳದಲ್ಲಿ ಕೂತು ಫ್ಯಾನು ಬಿಚ್ಚುತ್ತಿದ್ದ.

“ವರ್ಷದಲ್ಲಿ ಸ್ವಲ್ಪ ದಿನ ಮಾತ್ರ ಓಡೋ ಕಾರಿಗೆ ಆಯಿಲ್ ಎಷ್ಟು ಸಲ ಹಾಕ್ಬೇಕೋ?”

“ಯಾರ ಕಾರು ಅಕ್ಕಾ?”

“ಯಾರದೋ. ಹೇಳೋ ನೀನು.”

“ಅಂಥ ಗಾಡಿಗೆ ಕಿಲೋಮೀಟರ್ ಲೆಕ್ಕ ಇಟ್ರೆ ಆಗಲ್ಲ. ಎಷ್ಟೇ ಕಡಿಮೆ ಓಡಿರಲಿ, ವರ್ಷಕ್ಕೊಂದು ಸಲ ಬದಲಾಯಿಸ್ಬೇಕು. ಅದೂ ನಿಲ್ಲಿಸೋಕೆ ಮುಂಚೆ. ಓಡಿದ ಆಯಿಲಲ್ಲಿ ಹೊಗೆ, ನೀರಿನ ಪಸೆ, ಎಲ್ಲ ಸೇರ್ಕೊಂಡು ಹುಳಿ ಆಗಿರುತ್ತೆ. ಅದನ್ನ ಹೊಟ್ಟೇಲಿಟ್ಕೊಂಡು ತಿಂಗಳುಗಟ್ಟಲೆ ನಿಂತ್ರೆ ಒಳಗೊಳಗೇ ಎಂಜಿನ್ ತಿಂದುಹಾಕುತ್ತೆ.”

ಒಳಗೊಳಗೇ ತಿನ್ನುವುದು ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. “ಮತ್ತೆ ಹೊರಗೆ ತೆಗೆದಾಗ?” ಎಂದಳು.

“ತೆಗೆದಾಗ ಏನು? ಮಟ್ಟ ನೋಡ್ಕೊಂಡು ಹೊರಡೋದು. ನಿಲ್ಲಿಸುವಾಗ ಹಾಕಿದ ಹೊಸಾ ಆಯಿಲ್ ಹಾಗೇ ಚೆನ್ನಾಗಿರುತ್ತಲ್ಲ.”

“ಆಗಲೂ ಬದಲಾಯಿಸೋರು ಇದಾರಲ್ಲ?”

ತಮ್ಮ ನಕ್ಕ. “ಇದಾರೆ. ತಲೆ ಕೆಟ್ಟೋರು, ಇಲ್ಲಾಂದ್ರೆ ಮನಸ್ಸು ಕೊಟ್ಟೋರು.” ಅವನು ಹೇಳಿದ್ದು ಕಾರಿಗೆ ಮನಸ್ಸು ಕೊಟ್ಟವರ ವಿಚಾರ. ಅವಳು ಚಹಾ ಕೂಡ ಕುಡಿಯದೆ ಎದ್ದು ಬಂದಳು.

ಹಸಿರು ಕಾರು ಬರುವ ದಿನ ಬೆಳಿಗ್ಗೆ, ಅದಕ್ಕೆ ಹಾಕುವ ಫಿಲ್ಟರನ್ನು ಬೆಲ್ಟುಗಳ ಪೆಟ್ಟಿಗೆಯ ಹಿಂದೆ ತಳ್ಳಿಟ್ಟಳು. ಕಾರು ಬಂತು. ಗಂಡ ಕೈ ತೊಳೆದು ಬಂದು ಫಿಲ್ಟರ್ ಕೇಳಿದ. “ಖಾಲಿ ಆಗಿದೆ ರೀ” ಎಂದಳು, ಮುಖವೆತ್ತದೆ. ಅವನು ಗೊಣಗುತ್ತ ಸೈಕಲ್ ಹತ್ತಿ ಪೇಟೆಗೆ ಹೋದ.

ಟೀಚರ್ ಕಾರಿಗೊರಗಿ ನಿಂತಿದ್ದಳು. ಹೆಂಡತಿ ಕೋಣೆಯಿಂದ ಹೊರಗೆ ಬಂದಳು. ಇಷ್ಟು ವರ್ಷದಲ್ಲಿ ಇಬ್ಬರೂ ನಮಸ್ಕಾರಕ್ಕಿಂತ ಹೆಚ್ಚು ಮಾತಾಡಿರಲಿಲ್ಲ.

“ಟೀಚರ್, ನಿಮಗೊಂದು ಮಾತು ಹೇಳ್ಬೇಕು. ಈ ಸಲದ್ದು ಬೇಕಾಗಿಲ್ಲ.”

“ಯಾವುದು?”

“ಆಯಿಲು. ನಿಲ್ಲಿಸೋಕೆ ಮುಂಚೆ ಹಾಕಿಸ್ತೀರಲ್ಲ, ಅದೊಂದೇ ಸಾಕು. ಹೊರಗೆ ತೆಗೆದಾಗ ಮಟ್ಟ ನೋಡಿದ್ರೆ ಆಯ್ತು. ಇನ್ನು ಮೇಲೆ ವರ್ಷಕ್ಕೆ ಒಂದೇ ಸಲ ಬನ್ನಿ.”

ಈ ಕೊನೆಯ ವಾಕ್ಯವನ್ನು ಹೇಳಲು ಅವಳು ರಾತ್ರಿಯೆಲ್ಲ ಕಾದಿದ್ದಳು. ಹೇಳಿದಾಗ ಬಾಯಿಗೆ ಸಕ್ಕರೆ ಹಾಕಿಕೊಂಡಷ್ಟು ಹಿತವಾಯಿತು. ಆದರೆ ಟೀಚರ್ ಮುಖ ಅವಳು ಎಣಿಸಿದಂತೆ ಪೆಚ್ಚಾಗಲಿಲ್ಲ, ಗಟ್ಟಿಯಾಯಿತು. ತಪ್ಪು ಉತ್ತರ ಬರೆದ ಹುಡುಗನನ್ನು ನೋಡುವ ಹಾಗೆ ಆಕೆ ಖಾಲಿ ಗುಂಡಿಯ ಕಡೆ ನೋಡಿದಳು.

“ಅಂದ್ರೆ ಇಷ್ಟು ವರ್ಷ ನನಗೆ ಮೋಸ ಮಾಡಿದ್ರಾ ನಿಮ್ಮ ಯಜಮಾನ್ರು? ಕಾರಿನ ವಿಷಯ ಗೊತ್ತಿಲ್ಲದ ಹೆಂಗಸು ಅಂತ?”

ಹೆಂಡತಿ ಇದನ್ನು ಯೋಚಿಸಿರಲೇ ಇಲ್ಲ. ಅವಳ ಗಂಡನಲ್ಲಿ ಸಾವಿರ ಕುಂದಿರಬಹುದು. ಆದರೆ ಬೇಡದ ಕೆಲಸವನ್ನು ಗಿರಾಕಿಯ ತಲೆಗೆ ಕಟ್ಟಿದವನಲ್ಲ. ‘ಇದು ಇನ್ನೂ ಓಡುತ್ತೆ, ಹೋಗಿ’ ಎಂದು ಎಷ್ಟು ಜನರನ್ನು ಬರಿಗೈಯಲ್ಲಿ ಕಳಿಸಿದ್ದನೋ, ಅದಕ್ಕಾಗಿ ಅವಳು ಎಷ್ಟು ಸಲ ಬೈದಿದ್ದಳೋ. ಈಗ ಸುಮ್ಮನಿದ್ದರೆ ಸಾಕು. ಟೀಚರ್ ಕಾರು ತಿರುಗಿಸಿಕೊಂಡು ಹೋಗುತ್ತಾಳೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಕೆಂಡ ಆರುತ್ತದೆ. ಗಂಡನ ಹೆಸರಿಗೆ ಮಾತ್ರ ಮಸಿ ಹತ್ತುತ್ತದೆ.

“ಮೋಸ ಅಲ್ಲ ಟೀಚರ್” ಎಂದಳು.

“ಮತ್ತೇನು?”

“ನೀವು ಬಂದ್ರೆ ಅವರಿಗೆ ಖುಷಿ.” ಮಾತು ಮುಳ್ಳಿನ ಹಾಗೆ ಬಂತು. “ನಿಮ್ಮ ಹತ್ರ ಮಾತಾಡೋದು ಅಂದ್ರೆ ಅವರಿಗೆ ಇಷ್ಟ. ಒಂದು ಸಲ ಸಾಕು ಅಂದ್ರೆ ನೀವು ಒಂದೇ ಸಲ ಬರ್ತೀರಲ್ಲ, ಅದಕ್ಕೆ ಹೇಳಿಲ್ಲ. ಅಷ್ಟೇ. ನನ್ನ ಗಂಡ ಕಳ್ಳ ಅಲ್ಲ.”

ಟೀಚರ್ ಮುಖ ಕಿವಿಯವರೆಗೆ ಕೆಂಪೇರಿತು. ಇಬ್ಬರೂ ಕಾರಿನ ಎರಡು ಬದಿಯಲ್ಲಿ ನಿಂತು, ಬೆಟ್ಟದಿಂದಿಳಿಯುವ ಲಾರಿಯೊಂದನ್ನು ಅದು ಕಣ್ಮರೆಯಾಗುವವರೆಗೆ ನೋಡಿದರು.

ಮೆಕ್ಯಾನಿಕ್ ಬೆವರೊರೆಸಿಕೊಳ್ಳುತ್ತ ಫಿಲ್ಟರ್ ಹಿಡಿದು ಬಂದ. ಟೀಚರ್ ಅವನ ಮುಖ ನೋಡದೆ, “ಈ ಸಲ ಆಯಿಲ್ ಬೇಡ. ಮಟ್ಟ ನೋಡಿಬಿಡಿ, ಸಾಕು” ಎಂದಳು. ಅವನು ಒಮ್ಮೆ ಆಕೆಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಕಡ್ಡಿ ಎಳೆದ. ಆಯಿಲ್ ಜೇನಿನ ಬಣ್ಣದಲ್ಲಿ, ಇರಬೇಕಾದಷ್ಟೇ ಇತ್ತು. ಕಾರು ಬೆಟ್ಟ ಹತ್ತಿ ಹೋಯಿತು.

ಸಂಜೆ ಬೆಲ್ಟು ಹುಡುಕುತ್ತ ಅವನಿಗೆ ಬಚ್ಚಿಟ್ಟ ಫಿಲ್ಟರ್ ಸಿಕ್ಕಿತು. ಅದನ್ನು ಕೌಂಟರಿನ ಮೇಲೆ, ಅವಳ ಮುಂದೆ ಇಟ್ಟ.

“ಏನು ಹೇಳಿದೆ ಅವರಿಗೆ?”

ಅವಳು ಒಂದಕ್ಷರ ಬಿಡದೆ ಹೇಳಿದಳು. ಮೋಸವೆಂದು ಟೀಚರ್ ಅಂದದ್ದು, ತಾನು ಕೊಟ್ಟ ಉತ್ತರ, ಎಲ್ಲ. ಅವನು ಕೂಗಾಡುತ್ತಾನೆಂದುಕೊಂಡಿದ್ದಳು, ಅಲ್ಲವೆಂದು ಆಣೆ ಹಾಕುತ್ತಾನೆಂದು ಆಸೆಪಟ್ಟಿದ್ದಳು. ಅವನು ಕವುಚಿಟ್ಟ ಡಬ್ಬಿಯ ಮೇಲೆ ಕೂತ.

“ಅವರು ಕೇಳ್ತಾರೆ ಕಣೇ. ಒಂದು ಪ್ರಶ್ನೆ ಹಾಕಿದ್ರೆ ಉತ್ತರ ಮುಗಿಯೋವರೆಗೂ ಕೇಳ್ತಾರೆ.”

“ನಾನು ಕೇಳಲ್ವಾ?”

“ನೀನು ಕೇಳಿದ್ದು ಯಾವಾಗ?”

“ನೀವು ಹೇಳಿದ್ದು ಯಾವಾಗ?”

ಅವನು ಎದ್ದು ಶಟರ್ ಎಳೆದ. ಆ ಬೇಸಿಗೆಯೆಲ್ಲ ಮನೆಯಲ್ಲಿ ತಟ್ಟೆಗಳ ಸದ್ದೇ ಜಾಸ್ತಿ ಕೇಳಿಸಿತು. ಬೆಟ್ಟದ ಕಡೆಯಿಂದ ಕಾರಿನ ಶಬ್ದ ಬಂದಾಗಲೆಲ್ಲ ಅವನ ಸ್ಪ್ಯಾನರ್ ಒಂದು ಕ್ಷಣ ತಡೆಯುತ್ತಿತ್ತು. ಅವಳು ಅದನ್ನು ನೋಡುತ್ತಿದ್ದಳು, ನೋಡಿ ಬೇಯುತ್ತಿದ್ದಳು. ಟೀಚರ್ ಇನ್ನು ಬರುವುದೇ ಬೇಡ ಎಂದು ಒಂದು ದಿನ; ಬಾರದೆ ಹೋದರೆ ಈ ಮನುಷ್ಯ ಜೀವಮಾನವಿಡೀ ಆಕೆಯನ್ನೇ ನೆನೆಯುತ್ತಾನಲ್ಲ ಎಂದು ಇನ್ನೊಂದು ದಿನ.

ರಜೆ ಮುಗಿದು ಗಾಳಿ ತಣ್ಣಗಾದಾಗ ಹಸಿರು ಕಾರು ಬಂತು. ಟೀಚರ್ ಇಳಿದವಳು ಗುಂಡಿಯ ಕಡೆ ಹೋಗದೆ ನೇರ ಗಾಜಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಮೆಕ್ಯಾನಿಕ್ ಕೈ ತೊಳೆಯದೆ, ಒಂದೂ ಮಾತಾಡದೆ ಕಾರಿನಡಿ ಇಳಿದ.

“ಬೇರೆ ಗ್ಯಾರೇಜಿಗೆ ಹೋಗೋಣ ಅಂತಿದ್ದೆ” ಎಂದಳು ಟೀಚರ್, ಕೈಚೀಲದ ಹಿಡಿ ತಿರುವುತ್ತ. “ಆಮೇಲೆ ನಾಚಿಕೆ ಆಯ್ತು. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಮೋಸ ಅಂತಲೇ ನಂಬ್ಕೊಳ್ಲಿ ಅಂತ ಬಿಟ್ಬಿಡ್ತಿದ್ದೆ.”

“ನಾನೂ ಬಿಡ್ತಿದ್ದೆ. ನಿಜ ಬಾಯಿಗೆ ಬಂದುಬಿಡ್ತು.”

ಟೀಚರ್ ಮುರುಕು ಹಲ್ಲು ಕಾಣುವಂತೆ ನಕ್ಕಳು. “ನನಗೂ ಆ ಮಾತು ಇಷ್ಟ ಆಗ್ತಿತ್ತು. ಸುಳ್ಳು ಹೇಳಲ್ಲ. ದಿನವಿಡೀ ನಾನೇ ಹೇಳಿಕೊಡ್ತೀನಲ್ಲ, ಯಾರಾದ್ರೂ ನನಗೆ ಏನಾದ್ರೂ ಹೇಳಿಕೊಟ್ರೆ ಹಿತ ಅನ್ಸುತ್ತೆ” ಎಂದಳು.

ಹೆಂಡತಿಯ ಹೊಟ್ಟೆಯಲ್ಲಿ ಉರಿ ಭಗ್ಗೆಂದಿತು. ಆದರೂ ಇಷ್ಟು ನೇರವಾಗಿ ಹೇಳಿದವಳ ಮೇಲೆ ಹರಿಹಾಯುವುದು ಹೇಗೆ? ಗಾಜಿನಾಚೆ ನೋಡಿದಳು. ಗಂಡ ಬೋಲ್ಟ್ ಬಿಚ್ಚಿದ್ದ, ಕಪ್ಪು ಆಯಿಲ್ ದಾರದಂತೆ ಬಾಣಲೆಗೆ ಇಳಿಯುತ್ತಿತ್ತು. ಬೆನ್ನು ಈ ಕಡೆಗಿತ್ತು. ಇಷ್ಟು ವರ್ಷ ಇದೇ ಗಾಜಿನ ಹಿಂದೆ ಕೂತು ತಾನು ತುಟಿಗಳ ಚಲನೆ ನೋಡಿ ಸುಟ್ಟುಕೊಂಡಿದ್ದೇ ಹೊರತು, ಒಂದು ಸಲವಾದರೂ ಬಾಗಿಲು ತೆರೆದು ಆ ಮಾತು ಕೇಳಲು ಹೋಗಿರಲಿಲ್ಲ.

ಎದ್ದಳು. ತನ್ನ ಸ್ಟೂಲನ್ನು ಎತ್ತಿಕೊಂಡಳು. “ಬನ್ನಿ ಟೀಚರ್” ಎಂದು ಗುಂಡಿಯ ಅಂಚಿಗೆ ಹೋಗಿ ಕೂತಳು. ಟೀಚರ್ ಅನುಮಾನಿಸುತ್ತ ಹಿಂದೆ ಬಂದು ನಿಂತಳು.

“ರೀ, ಹೊಸದಾಗಿ ಹಾಕಿದಾಗ ಜೇನಿನ ಹಾಗಿರೋದು ಇಷ್ಟು ಕಪ್ಪಾಗೋದು ಯಾಕೆ?”

ಅವನು ತಲೆಯೆತ್ತಿದ. ಚೇಷ್ಟೆಯೋ ಜಗಳವೋ ಎಂದು ಅವಳ ಮುಖದಲ್ಲಿ ಹುಡುಕಿದ. “ಕಸ ಹೊರುತ್ತಲ್ಲ, ಅದಕ್ಕೆ” ಎಂದ.

“ಯಾವ ಕಸ?”

ಅವನು ಹೇಳತೊಡಗಿದ. ಮೊದಲು ತಡವರಿಸಿ, ಆಮೇಲೆ ಕೈ ಆಡಿಸುತ್ತ. ಉರಿದ ಪೆಟ್ರೋಲಿನ ಮಸಿಯನ್ನು ಆಯಿಲ್ ತನ್ನೊಳಗೆ ಎಳೆದುಕೊಳ್ಳುತ್ತದೆ. ಕಪ್ಪಾಗಿದೆಯೆಂದರೆ ಕೆಲಸ ಮಾಡಿದೆಯೆಂದು ಅರ್ಥ. ಅವಳು ಕೊನೆಯವರೆಗೂ ಕೇಳಿದಳು. ಟೀಚರ್ ಮಧ್ಯೆ ಒಂದು ಪ್ರಶ್ನೆ ಹಾಕಿದಾಗ ಅವನ ಮುಖ ಬೆಳಗಿತು. ತನ್ನ ಪ್ರಶ್ನೆಗೆ ಅಷ್ಟು ಬೆಳಗಿರಲಿಲ್ಲವೆಂಬುದು ಅವಳ ಕಣ್ಣಿಗೆ ಬಿತ್ತು. ಚುಚ್ಚಿತು. ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆಳೆದು ಇನ್ನೊಂದು ಪ್ರಶ್ನೆ ಕೇಳಿದಳು. ಅದು ದಡ್ಡ ಪ್ರಶ್ನೆಯೇ ಇರಬೇಕು, ಅವನಿಗೆ ನಗು ಬಂತು. ನಗುತ್ತಲೇ ಉತ್ತರ ಹೇಳಿದ.

ಆ ಚಳಿಗಾಲ ಅವರ ಮನೆಯಲ್ಲಿ ಊಟದ ಹೊತ್ತಿಗೆ ಅಷ್ಟಿಷ್ಟು ಮಾತು ಶುರುವಾಯಿತು. ಕೆಲವು ದಿನ ಅದು ಜಗಳದಲ್ಲೇ ಮುಗಿಯುತ್ತಿತ್ತು. ಟೀಚರ್ ಈಗ ಆಯಿಲಿಗೆಂದು ವರ್ಷಕ್ಕೆ ಒಂದೇ ಸಲ ಬರುತ್ತಾಳೆ, ನಿಲ್ಲಿಸುವ ಮುಂಚೆ. ಬೇಸಿಗೆಯ ಶುರುವಿನಲ್ಲಿ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಹಾರನ್ ಒತ್ತುತ್ತಾಳೆ. ಮೆಕ್ಯಾನಿಕ್ ಕೈ ಎತ್ತುತ್ತಾನೆ. ಅವನ ಹೆಂಡತಿಯೂ ಎತ್ತುತ್ತಾಳೆ. ಆದರೆ ಹಾರನ್ ಕೇಳಿದೊಡನೆ ಅವಳು ಈಗಲೂ ಮೊದಲು ಗಂಡನ ಮುಖ ನೋಡುತ್ತಾಳೆ, ಆಮೇಲೆ ರಸ್ತೆ.