ರಿಯಾಕ್ಟರಿನೊಳಗಿನ ಬಿಳಿ ಗುಳಿಗೆ

ನಾನು ಒಂದು ಗುಳಿಗೆ. ಜ್ವರ ಬಂದರೆ ನುಂಗುವ ಗುಳಿಗೆಯಲ್ಲ, ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ, ಕಾರ್ಖಾನೆಯವರು ಕ್ಯಾಟಲಿಸ್ಟ್ ಎನ್ನುವ ಜಾತಿ. ಮೈತುಂಬ ಕಣ್ಣಿಗೆ ಕಾಣದಷ್ಟು ಪುಟ್ಟ ಕೋಣೆಗಳು. ಅದೇ ನನ್ನ ಆಸ್ತಿ, ಅದೇ ನನ್ನ ಜಂಬ.

ಮಂಗಳೂರಿನ ಹೊರವಲಯದ ಸಣ್ಣ ಪ್ರಯೋಗ ಘಟಕವೊಂದರಲ್ಲಿ ಶಶಿಪ್ರಭಾ ರೈ ಎಂಬ ವಿಜ್ಞಾನಿ ನಮ್ಮನ್ನು ಹಿಟ್ಟಿನಂತೆ ಕಲಸಿ, ಶಾವಿಗೆಯಂತೆ ಒತ್ತಿ, ತುಂಡು ಮಾಡಿ, ಸುಟ್ಟು ಹುಟ್ಟಿಸಿದರು. ಆಮೇಲೆ ರಿಯಾಕ್ಟರ್ ಎಂಬ ಉಕ್ಕಿನ ಕೊಳವೆಗೆ ಸುರಿದರು. ಮೆಥನಾಲ್ ಎಂಬ ದ್ರವ ಬಿಸಿ ಆವಿಯಾಗಿ ಮೇಲಿನಿಂದ ಬರುತ್ತದೆ, ನಮ್ಮ ಕೋಣೆಗಳನ್ನು ಹೊಕ್ಕು ಪ್ರೊಪಿಲೀನ್ ಆಗಿ ಹೊರಡುತ್ತದೆ. ನಿಮ್ಮ ಪ್ಲಾಸ್ಟಿಕ್ ಬಕೆಟ್ಟು, ಕುರ್ಚಿ, ಅಕ್ಕಿಚೀಲ ಎಲ್ಲ ಅದರಿಂದಲೇ. ಆದರೆ ಬಂದ ಅತಿಥಿ ಸುಮ್ಮನೆ ಹೋಗುವುದಿಲ್ಲ, ಮಸಿ ಬಿಟ್ಟು ಹೋಗುತ್ತದೆ. ಕೋಣೆಗಳು ಕಟ್ಟಿಕೊಂಡು ನಾವು ಕಪ್ಪಾಗುತ್ತೇವೆ. ಆಗ ಮೆಥನಾಲ್ ನಿಲ್ಲಿಸಿ, ಚೂರು ಚೂರೇ ಗಾಳಿ ಬಿಟ್ಟು ಮಸಿಯನ್ನು ನಿಧಾನವಾಗಿ ಸುಡಬೇಕು. ಅವಸರ ಮಾಡಿದರೆ ಕೋಣೆಗಳೂ ಹಾಳು.

ಆಯುಧಪೂಜೆ ಕಳೆದ ಮೇಲೆ ಒಂದು ಕಂಪನಿಯವರು ನೋಡಲು ಬರುವವರಿದ್ದರು. ಪ್ರೊಪಿಲೀನ್ ಚೆನ್ನಾಗಿ ಬಂದರೆ ದೊಡ್ಡ ಘಟಕ, ಬಾರದಿದ್ದರೆ ಇದಕ್ಕೂ ಬೀಗ. ಶಶಿಪ್ರಭಾ ಅವರ ವರ್ಷಗಟ್ಟಲೆ ದುಡಿಮೆ ನಮ್ಮನ್ನು ನಂಬಿಕೊಂಡಿತ್ತು. ಪೂಜೆಯ ಹಿಂದಿನ ದಿನ ನಮ್ಮ ಮಸಿ ಇನ್ನೂ ಉರಿಯುತ್ತಿತ್ತು.

"ಕಾದ ಕೊಳವೆಗೆ ಹೂ ಹಾಕುದು ಹೇಗೆ ಮೇಡಂ?" ಎಂದರು ಯಂತ್ರ ನಡೆಸುವ ಐತಪ್ಪಣ್ಣ. "ಎಲ್ಲದಕ್ಕೂ ಪೂಜೆ ಆಗಿ ಇದಕ್ಕೆ ಮಾತ್ರ ಇಲ್ಲಾಂದ್ರೆ ಮನಸ್ಸಿಗೆ ಒಂಥರಾ ಆಗ್ತದೆ. ಬೇಗ ಸುಟ್ಟು ತಣ್ಣಗೆ ಮಾಡುವನಾ?"

ಶಶಿಪ್ರಭಾ ಅವರಿಗೂ ಹಾಗೇ ಅನಿಸಿತೋ ಏನೋ. "ಆಯ್ತು ಐತಪ್ಪಣ್ಣ, ಗಾಳಿ ಸ್ವಲ್ಪ ಜಾಸ್ತಿ ಬಿಡಿ," ಎಂದರು.

ಅಬ್ಬಾ, ಆ ಉರಿ! ನನ್ನ ಕೋಣೆಗಳು ಒಂದೊಂದೇ ಕುಸಿದವು. ಪೂಜೆಯ ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ ನಾವು ಹಾಲಿನಷ್ಟು ಬಿಳಿ. ಎಲ್ಲರಿಗೂ ಖುಷಿ. ಕೊಳವೆಗೆ ಕುಂಕುಮ, ಸೇವಂತಿಗೆ ಮಾಲೆ, ಕೈಕೈಗೆ ಅವಲಕ್ಕಿ ಪ್ರಸಾದ. ಒಳಗೆ ನನ್ನ ಕಥೆ ಮುಗಿದಿತ್ತು, ಹೇಳೋಣವೆಂದರೆ ಬಾಯಿಲ್ಲ. ಅಷ್ಟು ಅಸಹಾಯಕ ನಾನು ಎಂದೂ ಆಗಿರಲಿಲ್ಲ.

ಕಂಪನಿಯವರು ಬಂದ ದಿನ ಅವರೆದುರಿಗೇ ಮೆಥನಾಲ್ ಬಂದ ದಾರಿಗೆ ಸುಂಕವಿಲ್ಲದಂತೆ ಹೊರಟುಹೋಯಿತು. ಪ್ರೊಪಿಲೀನ್ ಹೆಸರಿಗಷ್ಟೇ. ಐತಪ್ಪಣ್ಣನ ಮುಖ ಬಾಡಿತು. "ನಾನೇ ಮೇಡಂ ಹತ್ರ..." ಎಂದು ಶುರುಮಾಡಿದರು. ಶಶಿಪ್ರಭಾ ನಡುವೆಯೇ ತಡೆದರು.

"ಅವಸರದಲ್ಲಿ ಸುಡ್ಲಿಕ್ಕೆ ಹೇಳಿದ್ದು ನಾನು. ಹೊಸ ಗುಳಿಗೆ ಮಾಡಿ ತೋರಿಸ್ತೇನೆ, ಒಂದು ಅವಕಾಶ ಕೊಡಿ."

ಬಂದವರಲ್ಲಿ ಹಿರಿಯರೊಬ್ಬರು ಒಪ್ಪಿದರು. ಹೊಸ ಗುಳಿಗೆಗಳು ಮಾತು ಉಳಿಸಿದವು, ಬೀಗ ಬೀಳಲಿಲ್ಲ. ನಮ್ಮನ್ನು ಎಸೆಯುತ್ತಾರೆ ಎಂದುಕೊಂಡಿದ್ದೆ. ಎಸೆಯಲಿಲ್ಲ. ಆವಿ ಸಮನಾಗಿ ಹರಡಲೆಂದು ಹೊಸಬರ ಮೇಲೆ ನಮ್ಮನ್ನು ಹಾಸಿದರು. ಮೆಥನಾಲ್ ಈಗ ನನ್ನನ್ನು ಸವರಿಕೊಂಡು ಕೆಳಗಿನವರ ಮನೆಗೆ ಹೋಗುತ್ತದೆ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊನ್ನೆ ಮತ್ತೆ ಆಯುಧಪೂಜೆ ಬಂತು. ಕೆಳಗಿನವರ ಮಸಿ ಇನ್ನೂ ಉರಿಯುತ್ತಿತ್ತು. ಐತಪ್ಪಣ್ಣ ಮಾಲೆ ಹಿಡಿದು ಬಂದರು, ಗಾಳಿ ಬಿಡುವ ತಿರುಪಿನ ಮುಂದೆ ನಿಂತರು. ಮತ್ತೆ ಅದೇ ಉರಿಯೇ ಎಂದುಕೊಂಡೆ. ಅವರು ಅದನ್ನು ಮುಟ್ಟಲಿಲ್ಲ. ಮಾಲೆಯನ್ನು ಆಚೆಯ ಕಂಬಿಗೆ ಕಟ್ಟಿ, ದೂರದಿಂದಲೇ ಕೈಮುಗಿದರು.

"ನಿಧಾನಕ್ಕೆ ಉರಿ ಮಾರಾಯ," ಎಂದರು. "ನಮಗೆಂತ ಅವಸರ ಇಲ್ಲ."