ತೊಳೆದಿಟ್ಟ ಸಮುದ್ರ

ರಜೆ ಮುಗಿಸಿ ಬಂದ ಮೀನಕ್ಕ ಆಸ್ಪತ್ರೆಯ ನೆಲಮಾಳಿಗೆಯ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು. ತೊಟ್ಟಿಯ ಗಾಜು ಫಳಫಳ ಹೊಳೆಯುತ್ತಿತ್ತು. ಒಳಗಿದ್ದ ಸಮುದ್ರದ ನೀರು ಲೋಟಕ್ಕೆ ಬಗ್ಗಿಸಿ ಕುಡಿಯುವಷ್ಟು ತಿಳಿಯಾಗಿತ್ತು. ಅಂಗೈ ದಪ್ಪ ಇರಬೇಕಾಗಿದ್ದ ಕಂದು ಕಡಲಜೀವಿಗಳು, ಸ್ಪಂಜುಗಳು, ಮಾತ್ರ ಒಣಗಿದ ಗಾಯದ ಹಕ್ಕಳೆಯ ಹಾಗೆ ಕಲ್ಲಿಗೆ ಕಚ್ಚಿಕೊಂಡು ಮುದುಡಿದ್ದವು.

"ಅಯ್ಯೋ ದೇವರೇ, ಯಾರಪ್ಪಾ ಇದನ್ನ ತೊಳೆದದ್ದು?"

"ಚೆನ್ನಾಗಿದೆಯಲ್ಲ?" ಎಂದಿತು ಹಿಂದಿನಿಂದ ಒಂದು ದನಿ. ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ವೈದ್ಯರದು. ಎಲ್ಲರ ಬಾಯಲ್ಲಿ ಅವರು ಫಿನಾಯಿಲ್ ಡಾಕ್ಟರು. ಕೈ ತೊಳೆದು ತೊಳೆದು ಅವರ ಬೆರಳ ಸಂದಿಗಳು ಬಿರುಕುಬಿಟ್ಟಿದ್ದವು. "ನಾನೇ ಮುಂದೆ ನಿಂತು ಮಾಡಿಸಿದ್ದು ಮೀನಕ್ಕ. ಮೂರು ಫಿಲ್ಟರು, ಮೇಲೊಂದು ಕ್ರಿಮಿ ಕೊಲ್ಲೋ ಯುವಿ ದೀಪ. ಈ ನೀರಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ತೋರಿಸಿ, ನೋಡೋಣ."

"ಅವು ತಿನ್ನೋದೇ ಬ್ಯಾಕ್ಟೀರಿಯಾ ಕಣ್ರೀ!"

"ಮೀನಿನ ಕಾಳು ಹಾಕಿಸ್ತಾ ಇದ್ದೆನಲ್ಲ? ದಿನಾ ಬೆಳಿಗ್ಗೆ."

"ಬಾಯಿ ಎಲ್ಲಿದೆ ಅದಕ್ಕೆ, ಕಾಳು ತಿನ್ನೋಕೆ? ನೀರನ್ನ ಒಳಗೆಳೆದು ಸೋಸಿ ಬದುಕೋ ಪ್ರಾಣಿ ಅದು. ಅದಕ್ಕಿಂತ ಮುಂಚೆ ನೀವೇ ಸೋಸಿಬಿಟ್ಟಿದ್ದೀರಿ."

"ಯಾರಾದರೂ ಹೇಳಬಹುದಿತ್ತಲ್ಲ?"

"ಯಾರು ಹೇಳಬೇಕಿತ್ತು? ನಾನು ಗಂಡನ್ನ ಮಣ್ಣು ಮಾಡಿ ಮನೇಲಿ ಕೂತಿದ್ದೆ."



ಮೀನಕ್ಕ ಮೊದಲಿನಿಂದ ಆಸ್ಪತ್ರೆಯವಳಲ್ಲ. ವಯಸ್ಸಿನಲ್ಲಿದ್ದಾಗ ಕಡಲ ಸಂಶೋಧನಾ ಕೇಂದ್ರದಲ್ಲಿದ್ದಳು. ಯಾವ ಬಂಡೆಯ ಮೇಲೆ ಯಾವ ಜೀವ ಕೂರುತ್ತದೆ, ಯಾವುದು ಯಾವುದನ್ನು ತಳ್ಳಿ ಜಾಗ ಹಿಡಿಯುತ್ತದೆ ಎಂದು ನೋಡುವುದೇ ಅವಳ ಕೆಲಸ. ಕಡಲಲ್ಲಿ ಮುಳುಗಿ ಅವನ್ನು ತರುತ್ತಿದ್ದವನು ಅವಳ ಗಂಡ. ಎಲ್ಲ ಬಂಡೆಗಳ ಮೇಲೂ ಚಿಪ್ಪು, ಪಾಚಿ, ಲೋಳೆ ಒಂದರ ಮೇಲೊಂದು ಹತ್ತಿ ಕುಳಿತಿರುತ್ತಿದ್ದವು. ಈ ಕಂದು ಸ್ಪಂಜಿನ ಮೈಮೇಲೆ ಮಾತ್ರ ಯಾವುದೂ ಕೂರುತ್ತಿರಲಿಲ್ಲ. ಯಾಕೆ ಕೂರುವುದಿಲ್ಲ ಎಂಬ ಪ್ರಶ್ನೆ ಹಿಡಿದುಕೊಂಡು ಹೋದವಳು ಕೊನೆಗೆ ಬಂದು ತಲುಪಿದ್ದು ಆಸ್ಪತ್ರೆಗೆ. ರೋಗಿಯ ಮೈಗೆ ಹಾಕಿದ ನಳಿಕೆಗಳ ಮೇಲೆ ಕ್ರಿಮಿಗಳು ಲೋಳೆ ಹೊದ್ದು ಕುಳಿತರೆ ಯಾವ ಔಷಧಕ್ಕೂ ಜಗ್ಗುವುದಿಲ್ಲ. ಸ್ಪಂಜಿನ ರಸ ಆ ಲೋಳೆ ಕಟ್ಟುವುದಕ್ಕೇ ಬಿಡುತ್ತಿರಲಿಲ್ಲ. ಆ ರಸವನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವುದು ಇನ್ನೂ ಯಾರ ಕೈಗೂ ಹತ್ತಿರಲಿಲ್ಲ. ಕಡಲ ಕೇಂದ್ರದವರು ಅವಳನ್ನು ಡಾಕ್ಟರಮ್ಮ ಎಂದು ರೇಗಿಸಿದರು. ಆಸ್ಪತ್ರೆಯವರು ಮೀನಕ್ಕ ಎಂದರು. ಅವಳು ಒಂದೇ ಒಂದು ಮೀನಿನ ಬಗೆಗೂ ಓದಿದವಳಲ್ಲ. ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು.

ಆ ಸ್ಪಂಜು ಬೆಳೆಯುತ್ತಿದ್ದ ಬಂಡೆಗಳ ಮೇಲೆ ಈಗ ಬಂದರಿನ ತಡೆಗೋಡೆ ಕುಳಿತಿದೆ. ಗೋಡೆ ಏಳುವುದಕ್ಕೆ ಮುಂಚೆ ಗಂಡ ಕೆಮ್ಮುತ್ತಲೇ ಮುಳುಗಿ, ಸಿಕ್ಕಷ್ಟನ್ನು ಕಲ್ಲು ಸಮೇತ ಎಬ್ಬಿಸಿ ತಂದಿದ್ದ. "ಈ ವಯಸ್ಸಲ್ಲಿ ಬೇಕಿತ್ತಾ ನಿಮಗೆ?" ಎಂದು ಅವಳು ಬೈದಿದ್ದಳು. "ನಿನಗೇ ತಾನೇ ಬೇಕಿದ್ದದ್ದು?" ಎಂದು ಅವನು ನಕ್ಕಿದ್ದ. ಅದಾದ ಮೇಲೆ ಅವನು ನೀರಿಗಿಳಿಯಲಿಲ್ಲ. ತೊಟ್ಟಿಯಲ್ಲಿ ಉಳಿದದ್ದು ಅವೇ.

"ದೀಪ ಆರಿಸಿ, ಫಿಲ್ಟರು ತೆಗೆಸಿ. ಮೊದಲಿನ ಹಾಗೆ ಸೋಸದ ಹಸಿ ನೀರು ಬರಲಿ," ಎಂದಳು.

"ಆಗಲ್ಲ. ನೀವು ಇಲ್ಲದಾಗ ಮೇಲಿನ ಮಹಡಿಗೆ ಅಸ್ಥಿಮಜ್ಜೆ ಬದಲಿ ಮಾಡೋ ವಾರ್ಡು ಬಂದಿದೆ. ಒಂದು ಕ್ರಿಮಿ ತಗುಲಿದರೂ ಅಲ್ಲಿನವರು ಉಳಿಯಲ್ಲ. ಎರಡಕ್ಕೂ ಒಂದೇ ಗಾಳಿಕೊಳವೆ. ಕ್ರಿಮಿ ತುಂಬಿದ ನೀರನ್ನ ಆಸ್ಪತ್ರೆ ಒಳಗೆ ತರೋಕೆ ನನ್ನ ಹತ್ತಿರ ಒಪ್ಪಿಗೆ ಕೇಳ್ತಿದ್ದೀರಲ್ಲ, ನನ್ನ ಹತ್ತಿರ!"

"ಹಾಗಾದರೆ ಬೇರೆ ಕೋಣೆ ಕೊಡಿ."

"ಜಾಗ ಇದ್ದಿದ್ದರೆ ನಾನೇ ಮೆಟ್ಟಿಲ ಕೆಳಗೆ ಕೂತು ಕೆಲಸ ಮಾಡ್ತಿದ್ದೆನಾ?"

ಅದು ನಿಜವೇ ಆಗಿತ್ತು. ಅವರ ಮೇಜು ಮೆಟ್ಟಿಲ ಕೆಳಗೇ ಇತ್ತು.

ಮೀನಕ್ಕ ಬಸ್ಸು ಹತ್ತಿ ಕಡಲ ಕೇಂದ್ರಕ್ಕೆ ಹೋದಳು. ಈಗಿನ ಮುಖ್ಯಸ್ಥ ಒಂದು ಕಾಲದಲ್ಲಿ ಅವಳ ವಿದ್ಯಾರ್ಥಿ. ಕುರ್ಚಿಯಿಂದ ಎದ್ದು ನಿಂತ, ಗಂಡನ ಸುದ್ದಿ ಎತ್ತಿ ಕಣ್ಣೊರೆಸಿಕೊಂಡ. ಸ್ಪಂಜುಗಳನ್ನು ಇಲ್ಲಿನ ತೊಟ್ಟಿಗೆ ತರುವ ಮಾತು ಬಂದೊಡನೆ ಮುಖ ಸಣ್ಣದು ಮಾಡಿದ.

"ಮೇಡಂ, ನಿಮಗೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ನಿಯಮ ಇದೆ. ಆಸ್ಪತ್ರೆ ಹೊಕ್ಕ ಯಾವ ಪ್ರಾಣಿಯೂ ಮತ್ತೆ ನಮ್ಮ ತೊಟ್ಟಿಗೆ ಬರಬಾರದು. ನಮ್ಮ ನೀರು ನೇರ ಕಡಲಿಗೆ ಹೋಗತ್ತಲ್ಲ."

"ಯಾವ ಪುಣ್ಯಾತ್ಮ ಮಾಡಿದ್ದಯ್ಯಾ ಆ ನಿಯಮ?"

ಅವನು ನೆಲ ನೋಡಿದ. "ನೀವೇ ಮೇಡಂ."

ಅವಳಿಗೆ ನೆನಪಾಯಿತು. ಯಾವ ಔಷಧಕ್ಕೂ ಸಾಯದ ಆಸ್ಪತ್ರೆಯ ಕ್ರಿಮಿ ಕಡಲು ಸೇರಿದರೆ ಏನಾಗುತ್ತದೆ ಎಂದು ಮೇಜು ಕುಟ್ಟಿ ವಾದಿಸಿ, ಒಪ್ಪದವರೆಲ್ಲರ ಬಾಯಿ ಮುಚ್ಚಿಸಿ ಗೆದ್ದಿದ್ದಳು. ಇವತ್ತು ಕೇಳಿದ್ದರೂ ಅದನ್ನೇ ಹೇಳುತ್ತಿದ್ದಳು. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ಬೈಯೋಣವೆಂದರೆ ಎದುರಿಗೆ ತಪ್ಪು ಮಾಡಿದವರು ಒಬ್ಬರಾದರೂ ಬೇಡವೇ?

"ಹೋಗಲಿ, ಒಂದು ಕ್ಯಾನು ಹಸಿ ನೀರಾದರೂ ಕೊಡ್ತೀಯೋ, ಅದಕ್ಕೂ ನಾನು ನಿಯಮ ಮಾಡಿದ್ದೀನೋ?"

ನೀರು ಕೊಟ್ಟ. ಬಸ್ಸಿನವರೆಗೆ ತಾನೇ ಹೊತ್ತು ತಂದ.

ನೆಲಮಾಳಿಗೆಯಲ್ಲಿ ಯಾರೂ ಇರಲಿಲ್ಲ. ಮೀನಕ್ಕ ಕ್ಯಾನಿನ ಮುಚ್ಚಳ ತಿರುಗಿಸಿ, ಇನ್ನೊಂದು ಕೈಯನ್ನು ದೀಪದ ಸ್ವಿಚ್ಚಿನ ಮೇಲಿಟ್ಟಳು. "ನೀನೇ ನೋಡಿಕೋ ತಂದೆ," ಎಂದು ದೇವರಿಗೆ ಹೇಳಿದಳು. ಬಾಗಿಲಲ್ಲಿ ಕಾಣಿಸಿಕೊಂಡವರು ಮಾತ್ರ ಫಿನಾಯಿಲ್ ಡಾಕ್ಟರು.

"ಸುರೀಬೇಡಿ ಮೀನಕ್ಕ."

"ಬನ್ನಿ, ನನ್ನನ್ನೂ ತೊಳೀರಿ!"

"ಸುರಿಯೋದಾದರೆ ಸುರೀರಿ, ನಾನು ನಿಮ್ಮ ಕೈ ಹಿಡಿಯೋದಿಲ್ಲ. ಮೊದಲು ಒಂದ್ಸಲ ಮೇಲೆ ಬನ್ನಿ."

ಸಿಟ್ಟಿನಲ್ಲಿ ಕ್ಯಾನನ್ನು ಹಿಡಿದುಕೊಂಡೇ ಮೇಲೆ ಹೋಗಲು ಹೊರಟಳು. ಡಾಕ್ಟರು ಅದನ್ನು ಬಾಗಿಲಲ್ಲೇ ಇಡಿಸಿದರು. ಮೇಲಿನ ವಾರ್ಡಿನ ಗಾಜಿನಾಚೆ ಒಬ್ಬ ನಡುವಯಸ್ಸಿನವನು ಹಾಸಿಗೆಯ ಮೇಲೆ ಕುಳಿತು ನರ್ಸಿನ ಜೊತೆ ವಾದ ಮಾಡುತ್ತಿದ್ದ. ದಿಂಬು ಗಟ್ಟಿಯಂತೆ. ತಲೆಯಲ್ಲಿ ಒಂದು ಕೂದಲಿಲ್ಲ. ಎದೆಗೆ ಎರಡು ಬಿಳಿ ನಳಿಕೆ. ಗಾಜಿನ ಈಚೆ ನಿಂತ ಅವನ ಹೆಂಡತಿ ಕೈಸನ್ನೆಯಲ್ಲಿ, ಸುಮ್ಮನಿರಿ, ಮಾನ ಕಳೀಬೇಡಿ ಎನ್ನುತ್ತಿದ್ದಳು. ಮೀನಕ್ಕನನ್ನು ಕಂಡು, "ನೋಡಿ ಅಕ್ಕ, ಜೀವ ಹೋಗಿ ಬಂದಿದೆ, ಜಗಳ ಹೋಗಿಲ್ಲ," ಎಂದಳು.

ಆ ಮಾತಿನಲ್ಲಿ ಎಷ್ಟು ಸಂತೋಷವಿತ್ತೆಂದರೆ ಮೀನಕ್ಕ ಮುಖ ತಿರುಗಿಸಿಕೊಂಡಳು. ಜಗಳವಾಡುವ ಗಂಡ ತನಗೂ ಇದ್ದ. ಇಷ್ಟು ವರ್ಷ ಅವಳು ತಲೆ ಕೆಡಿಸಿಕೊಂಡದ್ದು ಇಂಥದೇ ನಳಿಕೆಗಳಿಗಾಗಿ. ಇವರ ಕಾಲಡಿಗೆ ಕ್ರಿಮಿ ಸುರಿದು ಇವರಿಗಾಗಿ ಔಷಧ ಮಾಡುವುದು ಎಂಥ ಕೆಲಸ?

ಕೆಳಗಿಳಿದು ಅಲಗನ್ನು ಕೈಗೆತ್ತಿಕೊಂಡಳು.

"ಇನ್ನು ಬಿಟ್ಟರೆ ರಸವೂ ಬತ್ತಿಹೋಗುತ್ತೆ. ಇವತ್ತೇ ಸ್ಪಂಜನ್ನೆಲ್ಲ ಅರೆದುಬಿಡ್ತೀನಿ. ಮುಂದಿನ ಪರೀಕ್ಷೆಗೆ ಸಾಕಾಗಬಹುದು. ತಟ್ಟೆ ಹಿಡೀರಿ, ಸುಮ್ಮನೆ ನಿಂತು ಏನು ನೋಡ್ತೀರಿ?"

ಫಿನಾಯಿಲ್ ಡಾಕ್ಟರು ಕೈ ತೊಳೆದು ತಟ್ಟೆ ಹಿಡಿದರು. ಅವಳು ಒಂದೊಂದೇ ಕಲ್ಲನ್ನು ಎತ್ತಿ, ಸ್ಪಂಜನ್ನು ಅಲಗಿನಿಂದ ಬಿಡಿಸತೊಡಗಿದಳು.

"ಅದಕ್ಕೆ ನೋವಾಗಲ್ವಾ?"

"ನೋವು ಗೊತ್ತಾಗೋಕೆ ಅದಕ್ಕೆ ಒಂದು ನರವೂ ಇಲ್ಲ. ಎಲ್ಲಾನೂ ನನಗೇ ಕೊಟ್ಟಿದ್ದಾನೆ ಭಗವಂತ."

ಅವರು ನಗಬೇಕೋ ಬೇಡವೋ ತಿಳಿಯದೆ ತಟ್ಟೆಯನ್ನು ಇನ್ನಷ್ಟು ಹತ್ತಿರ ತಂದರು.

ಕೊನೆಯ ಕಲ್ಲು ಉಳಿಯಿತು. ಅದರ ಅಂಚಿನಲ್ಲಿ ಗಂಡನ ಉಳಿ ಜಾರಿ ಕೊರೆದ ಗೆರೆಯಿತ್ತು. ಮೇಲಿದ್ದ ಸ್ಪಂಜು ಉಳಿದವಕ್ಕಿಂತ ಸ್ವಲ್ಪ ಮೈ ಹಿಡಿದಿತ್ತು. ಅಲಗು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ದೊಡ್ಡ ಪಾಲು ಕೊಯ್ದು ತಟ್ಟೆಗೆ ಹಾಕಿದಳು. ಎರಡು ಬೆರಳಗಲದ ತುಂಡನ್ನು ಕಲ್ಲಿನ ಮೇಲೇ ಬಿಟ್ಟಳು.

"ಇದು ನಿಮ್ಮ ಕಟ್ಟಡದಲ್ಲಿ ಇರೋದಿಲ್ಲ. ಹೊರಗೆ ತಗೊಂಡು ಹೋಗ್ತೀನಿ. ತುಂಡಿನಿಂದ ಮತ್ತೆ ಬೆಳೆಯೋ ಪ್ರಾಣಿ, ಅದಕ್ಕೆ ಮನಸ್ಸಿದ್ದರೆ."

"ಹೊರಗೆ ಅಂದರೆ ಎಲ್ಲಿ?"

"ನಿಯಮ ಇಲ್ಲದ ಕಡೆ."

ಸಂಜೆ ಮೀನಕ್ಕನ ಮಗಳು ಕೆಲಸದಿಂದ ಮನೆಗೆ ಬಂದು ಬಚ್ಚಲುಮನೆ ಬಾಗಿಲು ತೆರೆದವಳು ಕೂಗಿಕೊಂಡಳು.

"ಅಮ್ಮಾ! ಬಕೆಟ್ಟಲ್ಲಿ ಏನಿದು? ಗುಳುಗುಳು ಅಂತಿದೆ!"

"ಗಾಳಿ ಪಂಪು. ಮುಟ್ಟಬೇಡ. ಸೋಪಿನ ನೀರು ಹಾರಿದರೆ ಸತ್ತುಹೋಗುತ್ತೆ. ಆಸ್ಪತ್ರೆ ಹೊಕ್ಕು ಬಂದದ್ದು, ಅದರ ನೀರನ್ನ ಕುದಿಸದೆ ಚೆಲ್ಲಲೂಬೇಡ."

"ಮತ್ತೆ ನಾನು ಸ್ನಾನ ಎಲ್ಲಿ ಮಾಡಲಿ?"

"ಪಕ್ಕದ ಮನೆ ಅತ್ತೆಯನ್ನ ಕೇಳಿದ್ದೀನಿ."

"ಎಷ್ಟು ದಿನ ಇದು?"

"ಅದು ಸಾಯೋವರೆಗೆ."

"ಬದುಕಿಬಿಟ್ಟರೆ?"

"ಬದುಕಿದರೆ ದೊಡ್ಡ ಡ್ರಮ್ಮು ಬೇಕಾಗುತ್ತೆ."

ಮಗಳು ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡು, "ಈ ಮನೇಲಿ ಮನುಷ್ಯರನ್ನ ಬಿಟ್ಟು ಎಲ್ಲಕ್ಕೂ ಜಾಗ ಇದೆ," ಎಂದು ಬಾಗಿಲು ಬಡಿದು ಪಕ್ಕದ ಮನೆಗೆ ಹೋದಳು.

ಮೀನಕ್ಕ ಬಕೆಟ್ಟಿನ ಪಕ್ಕ ಮಣೆ ಹಾಕಿಕೊಂಡು ಕುಳಿತಳು. ಕಣ್ಣು ಮುಚ್ಚಿ ಕೈಮುಗಿದಳು. ಬೇಡಿಕೊಳ್ಳಲೆಂದೇ ಕುಳಿತವಳು, ಆದರೆ ಬಾಯಿಗೆ ಬಂದದ್ದು ಬೈಗುಳ. ದೇವರಿಗೆ ಒಂದಷ್ಟು, ಕೆಮ್ಮು ಇಟ್ಟುಕೊಂಡು ನೀರಿಗಿಳಿದ ಗಂಡನಿಗೆ ಒಂದಷ್ಟು. ಬೈದು ಮುಗಿದ ಮೇಲೆ ರವಿಕೆಯ ತೋಳು ಮೇಲೇರಿಸಿ, ಮಗ್ಗಿನಲ್ಲಿ ಹಳೆಯ ನೀರು ತೆಗೆದು, ಕ್ಯಾನಿನ ಹಸಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯತೊಡಗಿದಳು.